ನಲವತ್ತೊಂದು ನಿಮಿಷ

ಅಕ್ಕಲಕೋಟಿಯ ಐಟಿಐದಾಗ ಫಿಟ್ಟರ್ ಕೆಲಸ ಕಲಿಸಿ
ರಿಟೈರಾಗಿ ಊರಿಗೆ ಬಂದ ಗುರುಪಾದ ಮಂಗರೂಳೆ ಮಾಸ್ತರು
ಚಾವಡಿ ಗ್ವಾಡಿಗೆ ಒಂದು ಕರೀ ಹಲಗಿ ತೂಗಹಾಕಿದರು.
ಅಕ್ಷರ ಕನ್ನಡ, ಅಂಕಿ ಮರಾಠಿ.
ತಹಸೀಲದಾರ ಬಂದರ ಅಂಕಿ ಓದಲಿ,
ಉಳಿದದ್ದು ನಾವು ಓದೂಣು, ಅಂದರು.

"ಊರಂದ್ರ ಒಂದು ಮಶೀನ.
ಯಾವ ಹಲ್ಲು ಸವದದ, ಯಾವ ಬೇರಿಂಗ್ ಒಣಗೇದ,
ಮತಾ ಹಾಕಿ ಕೇಳತಾರೇನು ಮಶೀನಿಗೆ?"
ಮೊದಲು ಚಪ್ಪಾಳಿ ತಟ್ಟಿದವ ಧೂಳಪ್ಪ ಪಾಟೀಲ:
"ವಿಜ್ಞಾನ ಬಂತಪ್ಪಾ ಊರಿಗೆ!"

ನನಗ ಆಗ ಹದಿನಾಲ್ಕು. ಲೆಕ್ಕದಾಗ ಚುರುಕು.
"ಪುಂಡಲೀಕನ ಮಗಳ, ಬಾ ಇಲ್ಲೆ," ಅಂತ
ಕೊರಳಿಗೆ ಸ್ಟಾಪ್‌ವಾಚ್ ಹಾಕಿದರು.
ನಮ್ಮ ಓಣ್ಯಾಗ ಯಾರ ಕೊರಳಾಗೂ
ಅಷ್ಟು ಹೊಳಿಯೂ ಸಾಮಾನು ಇರಲಿಲ್ಲ.

ಆರು ವಾರ ಊರು ಅಳದೆ.
ರೊಟ್ಟಿ ಒಂದಕ್ಕ ಐವತ್ತೆರಡು ಸೆಕೆಂಡು.
ಶಂಕ್ರೆಮ್ಮ ಕೊಡ ಎತ್ತಿದ್ದು, ಮೆಟ್ಟಲ ಹತ್ತಿದ್ದು,
ಉಸ್ಸ್ ಅಂದದ್ದು.
ಉಸ್ಸ್ ಅಂದದ್ದನ್ನ ಮಾಸ್ತರು ಹೊಡದುಹಾಕಿದರು:
"ಅದು ಕೆಲಸ ಅಲ್ಲ, ಘರ್ಷಣೆ."
ಇನ್ನು ಮುಂದ ರೊಕ್ಕ ಬ್ಯಾಡ, ಶಕ್ತಿಯ ಚೀಟಿ ಸಾಕು;
ಮೈ ಎಷ್ಟು ಕಾದಿತೋ ಅಷ್ಟು ಜ್ವಾಳ.

ಸೂಲಗಿತ್ತಿ ಮಲಂಗಬಿಯ ಖಾನೆ ಮಾತ್ರ ತುಂಬಲಿಲ್ಲ.
ಬ್ಯಾನಿ ತಿನ್ನೂ ಹೆಣ್ಣಿನ ಮಗ್ಗಲಾಗ ರಾತ್ರಿಯೆಲ್ಲಾ ಕುಂತಳು,
ಎಲಿ ಹಾಕಿದಳು, ಎರಡು ಸರ್ತಿ ತೂಕಡಿಸಿದಳು,
ಕೋಳಿ ಕೂಗೂ ಹೊತ್ತಿಗೆ ಏಳೇ ನಿಮಿಷ ಕೈ ಆಡಿಸಿದಳು.
ಕೂಸು ಅತ್ತಿತು.
ಗಡಿಯಾರ ನಾ ಯಾವಾಗ ಚಾಲೂ ಮಾಡಬೇಕಿತ್ತು?
ಮಾಸ್ತರು ಬಹಳ ಹೊತ್ತು ಹಲಗಿ ನೋಡಿ
ಆ ಖಾನೆದಾಗ ಸುಣ್ಣದ ಕಡ್ಡಿಲೆ
ಸಣ್ಣದೊಂದು ಪ್ರಶ್ನೆ ಚಿಹ್ನೆ ಇಟ್ಟರು.

ಆಮ್ಯಾಲ ನೀರಿನ ಪಾಳಿ.
ಬೋರಿ ಹೊಳಿ ದಂಡಿ ಬಾವಿ, ಒಂದೇ ಪೈಪು.
ಮ್ಯಾಲಿನ ಓಣಿ ತುಂಬಿ ಚೆಲ್ಲಿದ ಮ್ಯಾಲ
ಪೈಪು ಕೆಮ್ಮೂದೇ ನಮ್ಮ ಪಾಲು.
ಮಾಸ್ತರು ಭಾಗಾಕಾರ ಮಾಡಿದರು:
ತಲೆಗೆ ಇಪ್ಪತ್ತು ಸೆಕೆಂಡು.
ನಮ್ಮ ಓಣಿ ನೂರಾ ಇಪ್ಪತ್ಮೂರು ತಲೆ, ನಲವತ್ತೊಂದು ನಿಮಿಷ.
ಪಾಟೀಲರ ವಾಡೆ ಒಂಬತ್ತು ತಲೆ, ಮೂರು ನಿಮಿಷ.

ದೊಡ್ಡದೇನೋ ಮಾಡೇನಿ ಅಂತ ಅವರಿಗೆ ಅನಿಸಿರಲಿಲ್ಲ.
ಬರೇ ಭಾಗಿಸಿದ್ದರು.

ವಾಲ್ವಿನ ಕೀಲಿ ನನ್ನ ಕೈಯಾಗ.
ಮೊದಲ ದಿನ ಮೂವತ್ತು ನಿಮಿಷಕ್ಕ
ಕೊಡ, ಹಂಡೆ, ಗಂಗಾಳ, ಕೂಸಿನ ಬಟ್ಟಲಾ ಸೈತ ತುಂಬಿ
ಹೆಣ್ಣಮಕ್ಕಳು ಒಬ್ಬರ ಮಾರಿ ಒಬ್ಬರು ನೋಡಿದರು.
"ಇನ್ನೂ ಹನ್ನೊಂದು ನಿಮಿಷ ಅದ," ಅಂದೆ.
ನಮ್ಮ ಆಯಿ ಸೀರಿ ಸಮೇತ ನಳದ ಬುಡಕ ಕುಂತುಬಿಟ್ಟಳು.
ಏಳು ಅಂತ ಯಾರೂ ಅನಲಿಲ್ಲ.

ಹದಿನೇಳು ದಿನ ನಡೀತು.
ಹದಿನೆಂಟನೇ ದಿನ ಚಾವಡಿ ತುಂಬ ಮಂದಿ.
"ಮಾಸ್ತರ, ಮನಷಾ ಅಂದ್ರ ಮಶೀನಲ್ಲ," ಅಂದ ಪಾಟೀಲ,
"ಮನಷಾಗ ರೀತಿ ರಿವಾಜು ಅಂತ ಇರತಾವ."
ಅಷ್ಟು ಖರೇ ಮಾತು ಅಷ್ಟು ಸುಳ್ಳು ಬಾಯಾಗ
ನಾ ಮತ್ತ ಕೇಳಿಲ್ಲ.
ಹಲಗಿ ಇಳೀತು. ಯಾರದೋ ಕೊಟ್ಟಿಗಿಗೆ ಬಾಗಲಾತು.
ಮಾಸ್ತರು ಗಡಿಯಾರ ತಿರುಗಿ ಕೇಳಲಿಲ್ಲ.

ಈಗ ಸೋಲಾಪುರದ ಟವೆಲ್ ಕಾರಖಾನಿ.
ಇಸ್ತ್ರಿ ಅಂಗಿಯ ಹುಡುಗ ಮೊಬೈಲ ಹಿಡದು
ನನ್ನ ಮಗ್ಗಲಾಗ ನಿಂದರತಾನ.
ಅಂಚು ಹೊಲಿಯೂದು ಹದಿನೆಂಟು ಸೆಕೆಂಡು.
ಸಂಡಾಸಕ್ಕ ಹೋಗಿದ್ದು ನಾಕು ನಿಮಿಷ ಹತ್ತು.
"ಮಾವಶಿ, ಜಾಸ್ತಿ ಆತು."
ಉಸ್ಸ್ ಅಂತೇನಿ. ಅದನ್ನ ಅವ ಬರಕೊಳ್ಳೂದಿಲ್ಲ.
ಒಂದೊಂದು ಸಲ ಕೇಳಬೇಕನಸತದ:
ಅಳಿಯೂದು ಇಷ್ಟು ಛಲೋ ಬರತದ ನಿನಗ,
ಭಾಗಾಕಾರ ಯಾಕ ಕಲಸಲಿಲ್ಲೋ ತಮ್ಮಾ?

ಟ್ರಂಕಿನಾಗ ಆ ಗಡಿಯಾರ ಇನ್ನೂ ಅದ,
ಕೀಲಿ ಕೊಟ್ಟರ ನಡೀತದ.
ಮೊಮ್ಮಗಳು ಹುಟ್ಟೂ ರಾತ್ರಿ, ದವಾಖಾನಿ ಬಾಕಿನ ಮ್ಯಾಲ
ಅದನ್ನ ಮುಷ್ಟ್ಯಾಗ ಹಿಡಕೊಂಡು ಬೆಳತನಕ ಕುಂತಿದ್ದೆ.
ಗುಂಡಿ ಒತ್ತಲಿಲ್ಲ.